ಹಡಗು ಆರಿಸಿದ್ದು ಡೈಪರ್

ಹಡಗಿನಲ್ಲಿ ಹೋಗೋಣ ಅಂತ ಮೊದಲು ಬಾಯಿಬಿಟ್ಟವರು ನಮ್ಮತ್ತೆ. ಅರವತ್ತೆಂಟು ವರ್ಷದ, ಮಂಡಿನೋವಿನ, ಬೆಳ್ಳುಳ್ಳಿ ಮುಟ್ಟದ ಹೆಂಗಸು ಇದನ್ನು ಹೇಳಿದರು ಅಂದರೆ ಯಾರೂ ನಂಬುವುದಿಲ್ಲ. ಕಾರಣ ಹಿಂದಿನ ಬೇಸಿಗೆಯ ಕೇರಳ ಪ್ರವಾಸ. ಐದು ದಿನಕ್ಕೆ ನಾಲ್ಕು ಹೋಟೆಲು. ದಿನಾ ಬೆಳಿಗ್ಗೆ ಐದು ಜನರ ಬಟ್ಟೆ ತುಂಬು, ಮಗುವಿನ ಹಾಲಿನ ಬಾಟಲಿ ಮಂಚದ ಕೆಳಗೆ ಹುಡುಕು, ಮುನ್ನಾರಿನ ತಿರುವುಗಳಲ್ಲಿ ಮೊದಲು ಯಾರು ವಾಂತಿ ಮಾಡುತ್ತಾರೆ ಅಂತ ಕಾಯು. ಮನೆಗೆ ಬಂದು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಅವರು ಹೇಳಿದ್ದು ಇಷ್ಟೆ: "ಪೆಟ್ಟಿಗೆ ಒಂದ್ಸಲ ಬಿಚ್ಚಿದ್ರೆ ಮತ್ತೆ ಮುಚ್ಚೋದು ಊರಿಗೆ ಹೊರಡೋವಾಗ್ಲೇ ಇರ್ಬೇಕು ಕಣಮ್ಮ. ಟೀವೀಲಿ ತೋರಿಸ್ತಾರಲ್ಲ ದೊಡ್ಡ ಹಡಗು, ಅದ್ರಲ್ಲಿ ಹೋದ್ರೆ ಊರೇ ನಮ್ಮ ಹತ್ರ ಬರುತ್ತಂತೆ."

ಇದು 2024ರ ಆಗಸ್ಟ್ ಮಾತು. ಆ ಭಾನುವಾರವೇ ನಮ್ಮ ಯಜಮಾನರು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಶೀಟ್ ಶುರು ಮಾಡಿದರು. ನಮ್ಮ ಮನೆಯಲ್ಲಿ ಮಿಕ್ಸಿ ತರುವುದಕ್ಕೂ ಎಕ್ಸೆಲ್ ಇರುತ್ತದೆ, ಹಡಗಿಗೆ ಇರದೆ ಹೋಗುತ್ತದೆಯೇ?

ಬೆಂಗಳೂರಿನವರಿಗೆ ಸಮುದ್ರವಿಲ್ಲ ಅನ್ನುವುದು ಮೊದಲ ತೊಡಕು. ಮಂಗಳೂರಿನ ನೆನಪಾಯಿತು. ನವ ಮಂಗಳೂರು ಬಂದರಿಗೆ ಚಳಿಗಾಲದಲ್ಲಿ ವಿದೇಶಿ ವಿಹಾರ ನೌಕೆಗಳು ಬರುತ್ತವೆ, ಆದರೆ ಅವು ಬೇರೆಲ್ಲೋ ಹೊರಟು ದಾರಿಯಲ್ಲಿ ಒಂದು ದಿನ ನಿಲ್ಲುವಂಥವು. ಪ್ರವಾಸಿಗರು ಇಳಿದು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಒಂದು ಗೋಡಂಬಿ ಕಾರ್ಖಾನೆ ನೋಡಿ ಸಂಜೆ ವಾಪಸ್ ಹತ್ತುತ್ತಾರೆ. ನಾವು ಹೋಗಿ ಕೈ ಬೀಸಬಹುದು, ಅಷ್ಟೆ. ಹಾಗಾಗಿ ಶೀಟಿನಲ್ಲಿ ಉಳಿದದ್ದು ಮೂರು ಸಾಲು. ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಹೋಗುವ ಕಾರ್ಡೇಲಿಯಾದ ಎಂಪ್ರೆಸ್. ಸಿಂಗಪುರದಿಂದ ಹೊರಡುವ ರೆಸಾರ್ಟ್ಸ್ ವರ್ಲ್ಡ್ ಕಂಪನಿಯ ಗೆಂಟಿಂಗ್ ಡ್ರೀಮ್. ಆ ಚಳಿಗಾಲಕ್ಕೆ ಸಿಂಗಪುರಕ್ಕೇ ಬಂದು ನಿಲ್ಲಲಿದ್ದ ರಾಯಲ್ ಕೆರಿಬಿಯನ್‌ನ ಆಂಥಮ್ ಆಫ್ ದ ಸೀಸ್. ನಾಲ್ಕನೆಯ ಸಾಲು ಮಗಳು ಪುಟ್ಟಿ ಸೇರಿಸಿದ್ದು: ಡಿಸ್ನಿ. ಸಿಂಗಪುರಕ್ಕೆ ಡಿಸ್ನಿಯವರ ಹಡಗು ಬರುತ್ತದಂತೆ, ಕ್ಲಾಸಲ್ಲಿ ಎಲ್ಲರೂ ಹೇಳ್ತಿದ್ದಾರೆ. ಬರುವುದಿದ್ದದ್ದು ನಿಜ, ಆದರೆ ಆಗ ಅದು ಇನ್ನೂ ಹಡಗು ಕಟ್ಟುವ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. "ಅದು ಬರೋ ತನಕ ಕಾಯೋಣ" ಅಂದಳು. ಎಂಟು ವರ್ಷದವರಿಗೆ ಕಾಯುವುದು ಸುಲಭ.

ಎಕ್ಸೆಲ್‌ನಿಂದ ಒಂದು ಒಳ್ಳೆಯ ಸಂಗತಿ ಗೊತ್ತಾಯಿತು, ಅದನ್ನು ಒಪ್ಪಿಕೊಳ್ಳಲೇಬೇಕು. ಹಡಗಿನ 'ಟನ್' ಅಂದರೆ ತೂಕವಲ್ಲ, ಒಳಗೆ ಎಷ್ಟು ಜಾಗವಿದೆ ಅನ್ನುವ ಅಳತೆ. ಆಂಥಮ್ 168,666 ಟನ್, ಕ್ಯಾಬಿನ್‌ಗೆ ಇಬ್ಬರಂತೆ ಲೆಕ್ಕ ಹಾಕಿದರೆ 4,180 ಪ್ರಯಾಣಿಕರು. ಭಾಗಿಸಿದರೆ ತಲೆಗೆ ಸುಮಾರು 40. ಗೆಂಟಿಂಗ್ ಡ್ರೀಮ್ 150,695 ಟನ್, 3,352 ಜನ. ತಲೆಗೆ ಸುಮಾರು 45. ಎಂಪ್ರೆಸ್ 48,563 ಟನ್, ತಲೆಗೆ 30ರ ಆಸುಪಾಸು. "ನೋಡು, ದೊಡ್ಡ ಹಡಗು ಅಂದ್ರೆ ಜಾಸ್ತಿ ನೂಕುನುಗ್ಗಲು ಅಂತ ಅಲ್ಲ" ಅಂತ ಇವರಿಗೆ ಹಿಗ್ಗೋ ಹಿಗ್ಗು. ಇನ್ನೊಂದೂ ಹೊರಬಿತ್ತು. ಎಂಪ್ರೆಸ್ 1990ರಲ್ಲಿ ಯಾನ ಶುರು ಮಾಡಿದಾಗ ರಾಯಲ್ ಕೆರಿಬಿಯನ್‌ನದ್ದೇ ಹಡಗು, ಆಗಿನ ಹೆಸರು ನಾರ್ಡಿಕ್ ಎಂಪ್ರೆಸ್. ಅಂದರೆ ನಾವು ತೂಗಿ ನೋಡುತ್ತಿದ್ದದ್ದು ಒಂದೇ ಮನೆಯ ಅಜ್ಜಿಯನ್ನೂ ಮೊಮ್ಮಗಳನ್ನೂ. ಅತ್ತೆ ತಕ್ಷಣ ಅಜ್ಜಿಯ ಪಕ್ಷ ಸೇರಿದರು. ಅದಕ್ಕೆ ಪಾಸ್‌ಪೋರ್ಟ್ ಬೇಡ, ಆಧಾರ್ ಸಾಕು, ರೂಪಾಯಿಯಲ್ಲೇ ವ್ಯವಹಾರ, ಅಡುಗೆ ನಮ್ಮದು.

ನಾನೂ ಹೆಚ್ಚು ಕಡಿಮೆ ಒಪ್ಪಿದ್ದೆ. ಆದರೆ ಲಕ್ಷದ್ವೀಪದ ಯಾನದ ವಿವರ ಓದುವಾಗ ಒಂದು ಸಾಲಿನಲ್ಲಿ ಕಣ್ಣು ನಿಂತಿತು. ಅಲ್ಲಿ ದ್ವೀಪಗಳ ಸುತ್ತ ಹವಳದ ದಿಬ್ಬ, ದೊಡ್ಡ ಹಡಗು ದಡಕ್ಕೆ ಬರುವಂತಿಲ್ಲ. ದೂರದಲ್ಲಿ ಲಂಗರು ಹಾಕುತ್ತಾರೆ, ಅಲ್ಲಿಂದ ಸಣ್ಣ ದೋಣಿಗೆ ಇಳಿದು ಹೋಗಬೇಕು. ಹಡಗೂ ಅಲುಗಾಡುತ್ತಿರುತ್ತದೆ, ದೋಣಿಯೂ ಅಲುಗಾಡುತ್ತಿರುತ್ತದೆ, ನಡುವೆ ಒಂದು ಹೆಜ್ಜೆ. ನಾನು ಅತ್ತೆಯ ಮಂಡಿಯನ್ನು ನೋಡಿದೆ. ಬಿಎಂಟಿಸಿ ಬಸ್ಸಿನ ಮೆಟ್ಟಿಲಿಗೇ ಅವರಿಗೆ ಎರಡು ಕೈ ಬೇಕು. ಲಕ್ಷದ್ವೀಪ ಬಿಟ್ಟರೆ ಉಳಿಯುವುದು ಗೋವಾ. ಗೋವಾಕ್ಕೆ ನಾವು ಮೂರು ಸಲ ಹೋಗಿದ್ದೇವೆ, ರೈಲಿನಲ್ಲಿ.

ಗೆಂಟಿಂಗ್ ಡ್ರೀಮ್ ಇವರ ಮೆಚ್ಚಿನದು. ನೀರಿನ ಜಾರುಬಂಡೆ ಇದೆ, ಸಸ್ಯಾಹಾರ ಮತ್ತು ಜೈನ ಊಟಕ್ಕೆ ಹೆಸರಾದದ್ದು. ನಮ್ಮ ರಜೆಗೆ ಅದರ ದಿನಗಳು ಕೂಡಿಬರಲಿಲ್ಲ, ಅಷ್ಟೇ ಕಾರಣ. ಕೂಡಿಬಂದಿದ್ದರೆ ಈ ಕಥೆ ಬೇರೆಯೇ ಆಗಿರುತ್ತಿತ್ತೇನೋ.

ಇಷ್ಟೆಲ್ಲ ಆದರೂ ಶೀಟಿನಲ್ಲಿ ಒಂದು ಅಂಕಣವೇ ಇರಲಿಲ್ಲ: ಮಕ್ಕಳ ವಯಸ್ಸು. ಹಡಗುಗಳ ಬಗ್ಗೆ ಬರೆಯುವವರಲ್ಲಿ ಬಹುಪಾಲು ಮದುವೆಯಾದ ಹೊಸತರಲ್ಲಿ ಹೋದವರು, ಇಲ್ಲವೇ ನಿವೃತ್ತರಾಗಿ ಹೋದವರು. ಅವರು ಹೇಳುವುದು ಊಟ, ಬಾರು, ರಾತ್ರಿ ಪ್ರದರ್ಶನ. ನನ್ನ ಮಗ ಗುಂಡನಿಗೆ ಆಗ ಎರಡು ವರ್ಷ ಎಂಟು ತಿಂಗಳು. ಅವನಿಗೆ ಹದಿನೆಂಟು ರೆಸ್ಟೋರೆಂಟ್ ಇದ್ದರೆಷ್ಟು, ಎರಡಿದ್ದರೆಷ್ಟು? ಮೊಸರನ್ನ ಸಿಕ್ಕರೆ ಸಾಕು.

ಒಂದು ರಾತ್ರಿ ಅವನನ್ನು ಮಲಗಿಸಿ, ಮೊಬೈಲಿನಲ್ಲಿ ರಾಯಲ್ ಕೆರಿಬಿಯನ್‌ನ ನಿಯಮಗಳನ್ನು ಓದುತ್ತಾ ಹೋದೆ. ಮಗುವಿಗೆ ಆರು ತಿಂಗಳಾದರೆ ಹಡಗು ಹತ್ತಬಹುದು. ಸರಿ. ಮಕ್ಕಳ ಕ್ಲಬ್ಬಿಗೆ, ಅಂದರೆ ಅಪ್ಪ ಅಮ್ಮ ಬಿಟ್ಟು ಬರಬಹುದಾದ ಜಾಗಕ್ಕೆ, ಮೂರು ತುಂಬಿರಬೇಕು. ಅದು ಪುಕ್ಕಟೆ. ಮೂರರೊಳಗಿನವರಿಗೆ ನರ್ಸರಿ ಇದೆ, ಗಂಟೆಯ ಲೆಕ್ಕದಲ್ಲಿ ದುಡ್ಡು. ಮೂರು ತುಂಬಿದರಷ್ಟೇ ಸಾಲದು, ಡೈಪರ್ ಬಿಟ್ಟಿರಬೇಕು. ಅದರ ಕೆಳಗೇ ಇನ್ನೊಂದು: ಡೈಪರ್ ಹಾಕುವ ಮಗು ಈಜುಕೊಳಕ್ಕೆ ಇಳಿಯುವಂತಿಲ್ಲ. ಈಜಿಗೆಂದೇ ಬರುವ ಡೈಪರ್ ಹಾಕಿದ್ದರೂ ಇಲ್ಲ.

ಎದ್ದು ಕೂತೆ. ಪಕ್ಕದಲ್ಲಿ ಗುಂಡ ಡೈಪರ್ ಕಟ್ಟಿಕೊಂಡು ಕೈಕಾಲು ಚೆಲ್ಲಿ ಮಲಗಿದ್ದ. ಇಡೀ ಪ್ರವಾಸದ ಹಣೆಬರಹ ಅವನ ಸೊಂಟದಲ್ಲಿತ್ತು. ಡೈಪರ್ ಇದ್ದರೆ ಕ್ಲಬ್ ಇಲ್ಲ, ಈಜುಕೊಳ ಇಲ್ಲ. ಸುತ್ತ ನೀರೇ ನೀರಿರುವ ಹಡಗಿನಲ್ಲಿ, ಅಕ್ಕ ನೀರಲ್ಲಿ ಆಡುವುದನ್ನು ಅವನು ದಡದಲ್ಲಿ ನಿಂತು ನೋಡಿ ಅರಚಬೇಕು, ನಾನು ಅವನನ್ನು ಹಿಡಿದುಕೊಂಡು ನಿಲ್ಲಬೇಕು. ಹಾಗಾದರೆ ನನಗೆಂಥ ರಜೆ?

ಬೆಳಿಗ್ಗೆ ಇವರಿಗೆ ಹೇಳಿದೆ: "ರೀ, ದೀಪಾವಳಿಗೆ ಬೇಡ. ಡಿಸೆಂಬರ್ ಹತ್ತಕ್ಕೆ ಅವನಿಗೆ ಮೂರು ತುಂಬುತ್ತೆ. ಆಮೇಲೆ ಹೋಗೋಣ."

"ಕ್ರಿಸ್‌ಮಸ್ ವಾರ ಅಂದ್ರೆ ರೇಟು ಎಷ್ಟಿರುತ್ತೆ ಗೊತ್ತಾ?"

"ನಾಲ್ಕು ದಿನ ನೀವೊಬ್ರೇ ಅವನ್ನ ನೋಡ್ಕೊಳ್ಳೋದಾದ್ರೆ ದೀಪಾವಳಿಗೇ ಹೋಗೋಣ."

ಡಿಸೆಂಬರ್ ಅಂತ ನಿಶ್ಚಯವಾಯಿತು. ಶಾಲೆಗೂ ರಜೆ. ನಾಲ್ಕು ರಾತ್ರಿ, ಸಿಂಗಪುರದಿಂದ ಮಲೇಷ್ಯಾದ ಪೀನಾಂಗ್, ಥಾಯ್ಲೆಂಡಿನ ಫುಕೆಟ್, ಮತ್ತೆ ಸಿಂಗಪುರ.

ಪುಟ್ಟಿಗೂ ಒಂದು ನಿಯಮ ಸಿಕ್ಕಿತು. ಆ ಹಡಗಿನಲ್ಲಿ ಫ್ಲೋರೈಡರ್ ಅಂತ ಇದೆ. ಇಳಿಜಾರಿನಲ್ಲಿ ನೀರು ರಭಸವಾಗಿ ನುಗ್ಗುತ್ತಿರುತ್ತದೆ, ಹಲಗೆಯ ಮೇಲೆ ಬೋರಲಾಗಿ ಮಲಗಿ ಅಲೆ ಸವಾರಿ ಮಾಡುವುದು. ಅದಕ್ಕೆ 52 ಅಂಗುಲ ಎತ್ತರ ಬೇಕು, ಅಂದರೆ 132 ಸೆಂಟಿಮೀಟರ್. ನಿಂತು ಮಾಡುವುದಕ್ಕೆ 58 ಅಂಗುಲ. ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಅವಳನ್ನು ನಿಲ್ಲಿಸಿ ಅಳೆದೆವು: 129. ಅವಳು ಕೆಂಪು ಸ್ಕೆಚ್ ಪೆನ್ನಿನಲ್ಲಿ 132ಕ್ಕೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಅಲೆಯ ಚಿತ್ರ ಬರೆದಳು. ಅಲ್ಲಿಂದ ಪ್ರತಿ ಭಾನುವಾರ ಅಳತೆ. ಹಾಲು ಕುಡಿ ಅಂತ ಹೇಳಬೇಕಾಗಲೇ ಇಲ್ಲ.

ಕ್ಯಾಬಿನ್ ಎಷ್ಟು ಬೇಕು ಅನ್ನುವುದು ಮುಂದಿನ ಜಗಳ. ಐದೂ ಜನ ಒಂದರಲ್ಲೇ ಹೊಂದಿಕೊಳ್ಳುವಂಥದ್ದು ಸಿಕ್ಕೀತೇ ಅಂತ ಇವರು, ಎರಡಾದರೂ ಬೇಕು ಅಂತ ನಾನು. ಒಳಗಿನ ಕ್ಯಾಬಿನ್ 166 ಚದರಡಿ ಅಂತ ಓದಿದೆವು. 166 ಚದರಡಿ ಅಂದರೆ ಎಷ್ಟು ಅಂತ ಯಾರಿಗೂ ಕಣ್ಣಿಗೆ ಕಟ್ಟಲಿಲ್ಲ. ಆಗ ಅತ್ತೆ ರಂಗೋಲಿ ಡಬ್ಬಿ ಹಿಡಿದು ತಾರಸಿಗೆ ಹೊರಟರು. ಟೇಪು ನನ್ನ ಕೈಯಲ್ಲಿ. ಹತ್ತಡಿ ಅಗಲ, ಹದಿನಾರೂವರೆ ಅಡಿ ಉದ್ದ. ಅವರು ನಿಂತಲ್ಲೇ ಬಗ್ಗಿ ಎಳೆದ ಗೆರೆ ಸ್ಕೇಲಿಟ್ಟು ಎಳೆದಂತಿತ್ತು. ಒಂದು ಮೂಲೆಯಲ್ಲಿ ಬಚ್ಚಲಿಗೆ ಚೌಕ. ಮಂಚಕ್ಕೆ ಚಾಪೆ ಹಾಸಿದೆವು, ಬೀರುವಿನ ಬದಲು ಕುರ್ಚಿ ಇಟ್ಟೆವು. ಬಾಗಿಲಿಗೆ ಜಾಗ ಬಿಟ್ಟು, ಅತ್ತೆ ಅಭ್ಯಾಸಬಲದಿಂದ ಹೊಸ್ತಿಲಿಗೆ ಎರಡು ಎಳೆ ರಂಗೋಲಿಯನ್ನೂ ಬಿಟ್ಟರು. ಐದೂ ಜನ ಒಳಗೆ ಹೋಗಿ ಕೂತೆವು. ಹತ್ತು ನಿಮಿಷ ಆಗಿರಲಿಲ್ಲ, ಗುಂಡ ಅಕ್ಕನ ಜಡೆ ಎಳೆದ, ಅವಳು ಅವನನ್ನು 'ಬಚ್ಚಲಿ'ಗೆ ನೂಕಿದಳು, ಇವರು 'ಬೀರು' ಎಡವಿದರು. "ಎರಡು ತಗೊಳ್ಳೋ" ಅಂದರು ಅತ್ತೆ ಮಗನಿಗೆ, ಸೆರಗಿನಲ್ಲಿ ಬೆವರು ಒರೆಸಿಕೊಂಡು.

ಬಾಲ್ಕನಿ ಬೇಡ ಅನ್ನುವುದು ನನ್ನ ಹಟ. ಹಡಗಿನ ಬಾಲ್ಕನಿಗೆ ಎತ್ತರದ ಕಟಕಟೆ ಇರುತ್ತದೆ, ಬಾಗಿಲಿಗೆ ಮೇಲೆ ಚಿಲಕ ಇರುತ್ತದೆ, ಎಲ್ಲ ಗೊತ್ತು. ಆದರೆ ನನ್ನ ಮಗ ಫ್ರಿಜ್ಜಿನ ಮೇಲೆ ಹತ್ತಿದವನು. ಆಂಥಮ್‌ನ ಒಳಗಿನ ಕ್ಯಾಬಿನ್‌ಗಳಲ್ಲಿ ಗೋಡೆಯಲ್ಲೇ 80 ಅಂಗುಲದ ಪರದೆ ಇದೆ, ಹೊರಗಿನ ಸಮುದ್ರವನ್ನು ಆಗಿಂದಾಗಲೇ ಅದರಲ್ಲಿ ತೋರಿಸುತ್ತಾರೆ. ಅತ್ತೆ ಅದಕ್ಕೆ 'ಟೀವಿ ಸಮುದ್ರ' ಅಂತ ಹೆಸರಿಟ್ಟರು. ಕೆಳಗಿನ ಡೆಕ್, ಅಂದರೆ ಅಂತಸ್ತು, ಅದೂ ಹಡಗಿನ ನಟ್ಟನಡುವೆ ಆದಷ್ಟೂ ಅಲುಗಾಟ ಕಡಿಮೆ, ತಕ್ಕಡಿಯ ಮುಳ್ಳಿನ ಹತ್ತಿರ ಕೂತ ಹಾಗೆ. ಮುನ್ನಾರಿನ ತಿರುವುಗಳನ್ನು ನೆನೆದು ಅದನ್ನೇ ಕೇಳುವುದು ಅಂತಾಯಿತು. ಮಲಕ್ಕಾ ಜಲಸಂಧಿಯ ಒಂದು ಕಡೆ ಮಲೇಷ್ಯಾ, ಇನ್ನೊಂದು ಕಡೆ ಸುಮಾತ್ರಾ, ಎರಡೂ ಕಡೆ ನೆಲ ಇರುವುದರಿಂದ ಅಲೆಯ ಕಾಟವೂ ಅಷ್ಟಿಲ್ಲ.

ಬುಕ್ಕಿಂಗ್‌ಗೆ ನಮ್ಮ ಏರಿಯಾದ ಒಬ್ಬ ಏಜೆಂಟನ್ನು ಹಿಡಿದೆವು. ಹೆಸರು ಬೇಡ. ಬೇರೆಯವರಿಗಿಂತ ಗಣನೀಯವಾಗಿ ಕಡಿಮೆ ದರ ಹೇಳಿದ. ಮುಂಗಡ ಕಟ್ಟುವ ಹಿಂದಿನ ರಾತ್ರಿ ಅವನು ಕಳಿಸಿದ ಕಾಗದ ಓದುವಾಗ ಕ್ಯಾಬಿನ್ ಸಂಖ್ಯೆ ಇರಬೇಕಾದಲ್ಲಿ 'ಜಿಟಿವೈ' ಅಂತ ಮೂರಕ್ಷರ ಕಂಡಿತು. ಬ್ಯಾಂಕಿನಲ್ಲಿ ಹದಿನಾಲ್ಕು ವರ್ಷ ಇದ್ದು ನನಗೊಂದು ರೋಗ ಅಂಟಿದೆ, ಅರ್ಥವಾಗದ ಅಕ್ಷರಕ್ಕೆ ಸಹಿ ಹಾಕಲಾರೆ. ಹುಡುಕಿದೆ. ಗ್ಯಾರಂಟಿ ಅಂತ ಅದರರ್ಥ. ಯಾವುದೋ ಒಂದು ಕ್ಯಾಬಿನ್ ಸಿಗುವುದು ಗ್ಯಾರಂಟಿ, ಯಾವುದು ಅಂತ ಕಂಪನಿ ಆಮೇಲೆ ಹೇಳುತ್ತದೆ. ಎರಡು ಕ್ಯಾಬಿನ್ ಎರಡು ಡೆಕ್ಕಿನಲ್ಲಿ ಬಂದರೂ ಬಂತು. ಫೋನ್ ಮಾಡಿದೆ.

"ಮೇಡಂ, ಎಲ್ಲಿದ್ರೇನು, ಒಂದೇ ಹಡಗು ತಾನೆ?"

ರಾತ್ರಿ ಎರಡು ಗಂಟೆಗೆ ಮಗು ಅಜ್ಜಿ ಬೇಕು ಅಂತ ಅತ್ತರೆ ಆರು ಡೆಕ್ ಲಿಫ್ಟಿನಲ್ಲಿ ಹೋಗಬೇಕಾಗುತ್ತದೆ ಅನ್ನುವುದು ಅವನಿಗೆ ಹೊಳೆದಿರಲಿಕ್ಕಿಲ್ಲ, ಮದುವೆಯಾಗದ ಹುಡುಗ. ಇನ್ನೊಬ್ಬರ ಹತ್ತಿರ ಹೋದೆವು. ಸಂಖ್ಯೆ ಹಾಕಿಯೇ ಕೊಡಿ, ಪಕ್ಕಪಕ್ಕದ್ದೇ ಕೊಡಿ, ನಡುವೆ ಬಾಗಿಲಿದ್ದರೆ ಇನ್ನೂ ಒಳ್ಳೆಯದು ಅಂದೆವು. ದರ ಏರಿತು. ಆದರೂ ಈ ಒಂದಕ್ಕೆ ಕೊಟ್ಟ ದುಡ್ಡು ನನ್ನ ಹೊಟ್ಟೆ ಉರಿಸಲಿಲ್ಲ.

ಉರಿಸಿದ್ದು ಬೇರೆ. ಜಾಹೀರಾತಿನಲ್ಲಿ ಕಾಣುವ ದರ ಒಬ್ಬರಿಗೆ, ಅದೂ ಕ್ಯಾಬಿನ್‌ನಲ್ಲಿ ಇಬ್ಬರಿದ್ದಾಗ. ಅದರ ಮೇಲೆ ಬಂದರಿನ ಶುಲ್ಕ, ತೆರಿಗೆ. ಅದು ಮಗುವಿಗೂ ಪೂರ್ತಿ. ಅದರ ಮೇಲೆ ಟಿಪ್ಸ್, ಅವರ ಭಾಷೆಯಲ್ಲಿ ಗ್ರಾಚುಯಿಟಿ: ತಲೆಗೆ ದಿನಕ್ಕೆ 18 ಡಾಲರ್‌ಗೆ ಮೇಲ್ಪಟ್ಟು. ಐದು ತಲೆ, ನಾಲ್ಕು ರಾತ್ರಿ, 360 ಡಾಲರ್ ದಾಟಿತು, ನಮ್ಮ ದುಡ್ಡಿನಲ್ಲಿ ಮೂವತ್ತು ಸಾವಿರ. ಗುಂಡನ ತಲೆಗೂ ಅಷ್ಟೇ. ಊಟದಲ್ಲಿ ಅವನು ಅವರಿಗೆ ಕೊಟ್ಟ ಕೆಲಸ ನೆನೆದರೆ ಇನ್ನೂ ಜಾಸ್ತಿ ಕೊಡಬೇಕಿತ್ತು ಅನ್ನುವುದು ಬೇರೆ ಮಾತು. ವೈಫೈ ಬೇರೆ. ವಿದೇಶಿ ಪ್ಯಾಕೇಜ್ ಆದ್ದರಿಂದ ಜಿಎಸ್‌ಟಿ ಜೊತೆಗೆ ಟಿಸಿಎಸ್ ಅನ್ನುವ ಮುಂಗಡ ತೆರಿಗೆಯನ್ನೂ ಹಿಡಿಯುತ್ತಾರೆ. ಆಗ 7 ಲಕ್ಷದವರೆಗೆ ಶೇ. 5 ಇತ್ತು, ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇ. 20. ಟಿಸಿಎಸ್ ಕಳೆದುಹೋದ ದುಡ್ಡಲ್ಲ, ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ಸಿಗುತ್ತದೆ, ಆದರೆ ಹೊರಡುವ ತಿಂಗಳಲ್ಲಿ ಕೈಯಿಂದ ಹೋಗುವುದು ಹೋಗುತ್ತದೆ. ಎಕ್ಸೆಲ್‌ನ ಕೊನೆಯ ಅಂಕಣದ ಮೊತ್ತ ಮೊದಲ ಅಂಕಣದ್ದಕ್ಕಿಂತ ಎಷ್ಟು ದಪ್ಪವಾಗಿತ್ತೆಂದರೆ ಇವರು ಆ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ವಾಕಿಂಗ್ ಹೋದರು.

ಪಾಸ್‌ಪೋರ್ಟ್ ಇರದಿದ್ದವರು ಅತ್ತೆ ಮತ್ತು ಗುಂಡ. ಲಾಲ್‌ಬಾಗ್ ರಸ್ತೆಯ ಕೇಂದ್ರದಲ್ಲಿ ಅರ್ಧ ದಿನ. ನಾಲ್ಕು ವರ್ಷದೊಳಗಿನ ಮಕ್ಕಳ ಫೋಟೋ ನಾವೇ ಒಯ್ಯಬೇಕು, ಬಿಳಿ ಹಿನ್ನೆಲೆಯದು. ಅದು ಮೊದಲೇ ಗೊತ್ತಿದ್ದರಿಂದ ಬಚಾವು. ಮಲೇಷ್ಯಾ, ಥಾಯ್ಲೆಂಡ್ ಎರಡಕ್ಕೂ ನಮಗೆ ಆಗ ವೀಸಾ ಬೇಕಿರಲಿಲ್ಲ. ಸಿಂಗಪುರಕ್ಕೆ ಬೇಕು, ಅದೂ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರುವಂಥದ್ದು, ಯಾಕೆಂದರೆ ಹಡಗು ದೇಶ ಬಿಟ್ಟು ಹೋಗಿ ಮತ್ತೆ ಅಲ್ಲಿಗೇ ಬರುತ್ತದೆ.

ಅತ್ತೆಯ ಊಟದ ವಿಷಯಕ್ಕೆ ಮುಂಚೆಯೇ ಬರೆದು ತಿಳಿಸಿದ್ದೆವು: ಈರುಳ್ಳಿ ನಡೆಯುತ್ತದೆ, ಬೆಳ್ಳುಳ್ಳಿ ಮೊಟ್ಟೆ ಇಲ್ಲ. ಅವರಿಗೆ ಅದರ ಮೇಲೆ ನಂಬಿಕೆ ಬರಲಿಲ್ಲ. ಪುಟ್ಟ ಎಲೆಕ್ಟ್ರಿಕ್ ಕೆಟಲ್, ಅವಲಕ್ಕಿ, ಚಟ್ನಿಪುಡಿ ತೆಗೆದಿಟ್ಟರು. ಬಿಸಿ ಮಾಡುವ ಯಾವ ಉಪಕರಣವನ್ನೂ ಹಡಗಿಗೆ ಬಿಡುವುದಿಲ್ಲ, ಇಸ್ತ್ರಿಪೆಟ್ಟಿಗೆ ಸಹ. ನೀರಿನ ಮೇಲೆ ಬೆಂಕಿಗಿಂತ ದೊಡ್ಡ ಭಯ ಇನ್ನೊಂದಿಲ್ಲ. ಕೆಟಲ್ ಮನೆಯಲ್ಲೇ ಉಳಿಯಿತು. ಚಟ್ನಿಪುಡಿ ಅಂಗಡಿಯ ಸೀಲ್ ಮಾಡಿದ ಪೊಟ್ಟಣವಾಗಿ ಬದಲಾಯಿತು. ಆಮೇಲೆ ಪಂಚಾಂಗ ತೆಗೆದು ನೋಡಿ ಹೇಳಿದರು: "ಮಧ್ಯೆ ಏಕಾದಶಿ ಬರುತ್ತಲ್ಲೋ." ಇವರು ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ.

ಇನ್ನು ಅಸಲು ಕಾರ್ಯಕ್ರಮ. ದಸರಾ ಕಳೆದ ಮರುದಿನದಿಂದ ಗುಂಡನಿಗೆ ಹಗಲು ಡೈಪರ್ ಬಂದ್. ನಾನು ಡಾಕ್ಟರ್ ಹೇಳಿದ ಹಾಗೆ ಬಣ್ಣದ ಪಾಟಿ ಸೀಟು ತಂದು, ಕೂತರೆ ಒಂದು ನಕ್ಷತ್ರದ ಸ್ಟಿಕರ್ ಅಂತ ಮಾಡಿದೆ. ಅವನು ಸ್ಟಿಕರ್ ಇಸಕೊಂಡು ಎದ್ದು ಹೋಗಿ ಸೋಫಾ ಹಿಂದೆ ಮಾಡುತ್ತಿದ್ದ. ಅತ್ತೆ ಎರಡು ವಾರ ತಾಳಿದರು. ಆಮೇಲೆ ಅವನನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಗಂಟೆಗೊಮ್ಮೆ ಬಚ್ಚಲಿಗೆ ಕರೆದೊಯ್ದು ನಲ್ಲಿ ಸಣ್ಣಗೆ ಬಿಟ್ಟು "ಶ್ಶ್ಶ್ಶ್" ಅನ್ನುವುದು, ಅಷ್ಟೆ. "ನಿನ್ನ ಗಂಡ ಒಂದೂವರೆ ವರ್ಷಕ್ಕೇ ಹೇಳ್ತಿದ್ದ. ಡೈಪರ್ ಅಂತ ಅವತ್ತು ಎಲ್ಲಿತ್ತು?" ಅಂತ ದಿನಕ್ಕೆ ಮೂರು ಸಲ ನನಗೆ ಕೇಳಿಸುವ ಹಾಗೆ. ನವೆಂಬರ್ ಕೊನೆಗೆ ಅವನು ಆಟ ಬಿಟ್ಟು ಓಡಿಬಂದು "ಅಜ್ಜಿ, ಶ್ಶ್" ಅನ್ನತೊಡಗಿದ. ನಾನು ಬಾಯಿ ಮುಚ್ಚಿಕೊಂಡು ಸೋಲೊಪ್ಪಿದೆ. ಅದೇ ಹೊತ್ತಿಗೆ ಬಾಗಿಲಲ್ಲಿ ಪುಟ್ಟಿ 131.

ಹೊರಟ ದಿನದ ಗಲಾಟೆ ಬಿಡೋಣ. ಮರೀನಾ ಬೇ ನಿಲ್ದಾಣದಲ್ಲಿ ಹಡಗನ್ನು ಮೊದಲು ಕಂಡಾಗ ಅತ್ತೆ ತಲೆ ಎತ್ತಿ ಎತ್ತಿ ನೋಡಿ, "ಇದು ತೇಲುತ್ತಾ?" ಅಂತ ಒಂದೇ ಮಾತು ಕೇಳಿ ಸುಮ್ಮನಾದರು. ಹತ್ತಿದ ಮೇಲೆ ಮಕ್ಕಳಿಬ್ಬರ ಕೈಗೂ ಒಂದು ಪಟ್ಟಿ ಕಟ್ಟಿದರು. ಅಪಾಯದ ಹೊತ್ತಿನಲ್ಲಿ ನಾವು ಸೇರಬೇಕಾದ ಜಾಗದ ಗುರುತು ಅದರ ಮೇಲಿತ್ತು, ಮಗು ಎಲ್ಲಿ ಸಿಕ್ಕರೂ ಸಿಬ್ಬಂದಿ ನೇರ ಅಲ್ಲಿಗೇ ಕರೆತರಲಿ ಅಂತ. ಎಷ್ಟೋ ಜಾರುಬಂಡೆ ಎಷ್ಟೋ ಊಟದ ಫೋಟೋ ನೋಡಿದ್ದೆ, ಈ ಪಟ್ಟಿಯ ಫೋಟೋ ಯಾರೂ ಹಾಕಿರಲಿಲ್ಲ. ನಾಲ್ಕೂ ದಿನ ಅದನ್ನು ಬಿಚ್ಚಲು ನಾನು ಬಿಡಲಿಲ್ಲ.

ಕ್ಲಬ್ಬಿನ ಬಾಗಿಲಲ್ಲಿ ಮೊದಲ ದಿನ ಗುಂಡ ನನ್ನ ಚೂಡಿದಾರದ ಅಂಚು ಹಿಡಿದು ನೇತಾಡಿದ. ಇಷ್ಟು ತಿಂಗಳ ತಪಸ್ಸು, ದಿನಾಂಕ, ದರ, ಎಲ್ಲ ಆ ಬಾಗಿಲಿಗಾಗಿ. ಅವನಿಗೆ ಆ ಬಾಗಿಲೇ ಬೇಡ. ವಾಪಸ್ ಕರೆತಂದೆ. ಎರಡನೆಯ ದಿನ ಒಳಗೊಬ್ಬ ಹುಡುಗನ ಕೈಯಲ್ಲಿ ಜೆಸಿಬಿ ಕಂಡಿತು. ತಿರುಗಿಯೂ ನೋಡದೆ ಹೋದ.

ಪೀನಾಂಗ್‌ನಲ್ಲಿ ಹಡಗು ಕಟ್ಟೆಗೇ ತಾಗಿ ನಿಲ್ಲುತ್ತದೆ, ದೋಣಿಯ ಗೊಡವೆ ಇಲ್ಲ. ಅತ್ತೆ ನಿಧಾನಕ್ಕೆ ಕೈ ಹಿಡಿದು ಇಳಿದು, ಜಾರ್ಜ್‌ಟೌನ್‌ನ ಲಿಟಲ್ ಇಂಡಿಯಾ ತನಕ ನಡೆದೇ ಬಂದರು. ಕ್ವೀನ್ ಸ್ಟ್ರೀಟಿನ ಮಹಾಮಾರಿಯಮ್ಮನ ಗುಡಿ 1833ರದು. ಮಲ್ಲಿಗೆ ಕೊಂಡು ಮುಡಿದರು, ಕುಂಕುಮ ಇಟ್ಟುಕೊಂಡರು, ಮಂಗಳಾರತಿ ತಟ್ಟೆಗೆ ಹತ್ತು ರೂಪಾಯಿ ಹಾಕಿದರು. ರೂಪಾಯಿಯೇ ಹಾಕಿದರು.

ಫುಕೆಟ್‌ನಲ್ಲಿ ಇಷ್ಟು ದೊಡ್ಡ ಹಡಗು ಪಟಾಂಗ್ ಕಡಲತೀರದಿಂದ ದೂರ ಲಂಗರು ಹಾಕುತ್ತದೆ, ಅಲ್ಲಿ ಮತ್ತೆ ಅದೇ ದೋಣಿ, ಅದೇ ಹೆಜ್ಜೆ. ಇದು ಗೊತ್ತಿದ್ದೇ ಆರಿಸಿದ್ದೆವು. ಬೆಂಗಳೂರಿನಲ್ಲೇ ತೀರ್ಮಾನ ಆಗಿತ್ತು: ಫುಕೆಟ್‌ನಲ್ಲಿ ಇಳಿಯುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಹಡಗು ಖಾಲಿ. ಹಿಂದಿನ ದಿನ ಸೊಂಟ ಮುಳುಗಿಸಲೂ ಜಾಗವಿಲ್ಲದ ಈಜುಕೊಳದಲ್ಲಿ ನಾವು, ಇನ್ನೆರಡು ಸಂಸಾರ. ಡೈಪರ್ ಇಲ್ಲದ ಗುಂಡ ಅಪ್ಪನ ಕುತ್ತಿಗೆಗೆ ಜೋತುಬಿದ್ದು ನೀರು ಬಡಿಯುತ್ತಿದ್ದ. ಆ ಎರಡು ಗಂಟೆಗಾಗಿ ನಾನು ಇನ್ನೊಮ್ಮೆ ಅಷ್ಟೇ ದುಡ್ಡು ಕೊಟ್ಟೇನು.

ಏಕಾದಶಿಯೂ ಬಂತು. ಒಂದು ಬೀದಿಯಷ್ಟು ಉದ್ದದ ಬಫೆ, ಅದರೆದುರು ಅತ್ತೆ ಒಂದು ತಟ್ಟೆ ಪರಂಗಿಹಣ್ಣು, ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಇಟ್ಟುಕೊಂಡು ಕೂತರು. ಬಡಿಸುವ ಹುಡುಗ ಗೋವಾದವನು, ಮೂರು ಸಲ ಬಂದು "ಮಾಜಿ, ಕುಛ್ ಔರ್?" ಅಂತ ಕೇಳಿದ. ಇವರಿಗೆ ತಡೆಯಲಾಗಲಿಲ್ಲ: "ಇಷ್ಟು ದುಡ್ಡು ಕೊಟ್ಟು ಉಪವಾಸ ಮಾಡಿದವಳು ನೀನೊಬ್ಳೇ ಇರ್ಬೇಕಮ್ಮಾ." ಅತ್ತೆ ಪರಂಗಿ ಹೋಳು ಬಾಯಿಗಿಟ್ಟುಕೊಂಡು, "ಮನೇಲಿದ್ರೆ ಹಣ್ಣು ನಾನೇ ಹೆಚ್ಕೋಬೇಕಿತ್ತು" ಅಂದರು.

ಕೊನೆಯ ದಿನ, ಪೂರ್ತಿ ಸಮುದ್ರದ ಮೇಲೆ. ಪುಟ್ಟಿ ಫ್ಲೋರೈಡರ್ ಮುಂದೆ ಸಾಲಿನಲ್ಲಿ ನಿಂತಳು. ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು, ಆದರೂ ನಿಂತಳು. ಕೂದಲನ್ನು ನಡುನೆತ್ತಿಗೆ ಎತ್ತಿ ಗಂಟು ಹಾಕಿಕೊಂಡಿದ್ದಳು. ಅಳತೆಯ ಕಂಬದ ಹತ್ತಿರ ಇದ್ದ ಹುಡುಗಿ ನಕ್ಕು, ಗಂಟನ್ನು ಅಂಗೈಯಿಂದ ಮೆಲ್ಲಗೆ ಒತ್ತಿದಳು. ಒಂದು ಬೆರಳು ಕಡಿಮೆ. ಅಳಲಿಲ್ಲ. "ಬಂಪರ್ ಕಾರಿಗೆ ಹೋಗೋಣ" ಅಂದಳು, ಅದಕ್ಕೆ ಅವಳ ಎತ್ತರ ಸಾಕಿತ್ತು.

ಅವಳನ್ನು ಅಪ್ಪನ ಜೊತೆ ಕಳಿಸಿ, ಟೀವಿ ಸಮುದ್ರದ ಮುಂದೆ ಕಾಲು ಚಾಚಿ ಕೂತು ಕಾಫಿ ಕುಡಿಯುತ್ತಿದ್ದೆ. ಪಕ್ಕದಲ್ಲಿ ಅತ್ತೆ ಬತ್ತಿ ಹೊಸೆಯುತ್ತಿದ್ದರು. ಹತ್ತಿ ತಂದಿದ್ದು ನನಗೆ ಗೊತ್ತೇ ಇರಲಿಲ್ಲ. ಕ್ಯಾಬಿನ್ ಫೋನು ಬಾರಿಸಿತು. ಮಕ್ಕಳ ಕ್ಲಬ್ಬಿನಿಂದ. ಹುಡುಗಿ ಬಹಳ ಮರ್ಯಾದೆಯಿಂದ ಹೇಳಿದಳು, ನಿಮ್ಮ ಮಗ ಆಡುತ್ತಾ ಆಡುತ್ತಾ ಮರೆತಿದ್ದಾನೆ, ದಯವಿಟ್ಟು ಒಂದು ಚಡ್ಡಿ ತರುತ್ತೀರಾ?

ಅತ್ತೆಗೆ ಹೇಳಿದೆ. ಬತ್ತಿ ಪಕ್ಕಕ್ಕಿಟ್ಟು ಪೆಟ್ಟಿಗೆಯಿಂದ ನೀಲಿ ಚಡ್ಡಿ ಹುಡುಕಿ ಕೊಡುತ್ತಾ ಅಂದರು: "ಮೂರು ತುಂಬಿದೆ ಅಂತ ಹಡಗಿಗೆ ಗೊತ್ತು ಕಣೆ, ಅವನಿಗೆ ಯಾರೂ ಹೇಳಿಲ್ಲ."

ಚಡ್ಡಿ ಹಿಡಿದು ಲಿಫ್ಟಿನ ಕಡೆ ನಡೆದೆ. ಹಿಂದಿನಿಂದ ಅವರ ದನಿ ಬಂತು: "ಇನ್ನೊಂದೂ ತಗೊಂಡು ಹೋಗು."